ಪೈಪಿಗೆ ಲೆಕ್ಕವಿದೆ, ಪೈಪು ಕತ್ತರಿಸುವ ಉಪಕರಣಕ್ಕೆ ಏಕಿಲ್ಲ?

ಹಾರ್ಡ್‌ವೇರ್ ಹಾಗೂ ಪೈಪು ವ್ಯಾಪಾರದಲ್ಲಿ ತೊಡಗಿರುವ ಸದಸ್ಯರ ವರ್ಷಾಂತ್ಯದ ದಾಸ್ತಾನು ಪಟ್ಟಿಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಪದೇ ಪದೇ ಗಮನಕ್ಕೆ ಬರುತ್ತದೆ. ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಅಂಗಡಿಗಳಲ್ಲಿ ಪೈಪಿನ ಪ್ರತಿಯೊಂದು ಅಳತೆಗೂ ಪ್ರತ್ಯೇಕ ಸಾಲು ಇರುತ್ತದೆ. ಅರ್ಧ ಇಂಚಿನ ಜಿ.ಐ. ಪೈಪು ಎಷ್ಟು, ಮುಕ್ಕಾಲು ಇಂಚಿನದು ಎಷ್ಟು, 63 ಮಿ.ಮೀ. ಪಿವಿಸಿ ಎಷ್ಟು ತುಂಡು, ಎಲ್ಬೊ ಎಷ್ಟು, ಕಪ್ಲಿಂಗ್ ಎಷ್ಟು ಎಂಬುದೆಲ್ಲ ಅಚ್ಚುಕಟ್ಟಾಗಿ ನಮೂದಾಗಿರುತ್ತದೆ. ಆದರೆ ಆ ಪೈಪನ್ನು ಕತ್ತರಿಸುವ ಉಪಕರಣಗಳ ವಿಷಯಕ್ಕೆ ಬಂದಾಗ ಇರುವುದು ಒಂದೇ ಸಾಲು: ‘ಟೂಲ್ಸ್, ಇತರೆ’. ಅದರ ಮುಂದೆ ಒಂದು ಇಡಿಗಂಟು ಮೊತ್ತ. ಅದರಲ್ಲಿ ಹ್ಯಾಕ್ಸಾ ಬ್ಲೇಡ್ ಎಷ್ಟು, ವೀಲ್ ಕಟರ್ ಎಷ್ಟು, ತುಕ್ಕು ಹಿಡಿದು ಮೂಲೆಗೆ ಬಿದ್ದದ್ದು ಎಷ್ಟು ಎಂದು ಕೇಳಿದರೆ ಮಾಲೀಕರಿಗೂ ಖಚಿತವಾಗಿ ಹೇಳಲಾಗುವುದಿಲ್ಲ.

ಮೊತ್ತ ಸಣ್ಣದು, ಅದಕ್ಕೇಕೆ ಇಷ್ಟು ಚರ್ಚೆ ಎಂದು ಕೆಲವು ಸದಸ್ಯರು ಕೇಳಬಹುದು. ಮೊತ್ತ ಸಣ್ಣದೆಂಬುದು ನಿಜ. ಆದರೆ ಆ ಒಂದು ಸಾಲನ್ನು ಅಲಕ್ಷಿಸಿರುವ ಕಾರಣದಿಂದಲೇ ನಮ್ಮ ಮೂರು ತಾಲ್ಲೂಕುಗಳ ಮಾರುಕಟ್ಟೆಯಲ್ಲಿ ಅತ್ಯಂತ ಅಗ್ಗದ ಉಪಕರಣವೇ ಅತಿ ಹೆಚ್ಚು ಮಾರಾಟವಾಗುತ್ತಿದೆ, ಅದರ ಬಿಡಿಭಾಗ ಎಲ್ಲಿಯೂ ದೊರೆಯದಾಗಿದೆ, ಮತ್ತು ಅದರ ನಷ್ಟವನ್ನು ಪ್ಲಂಬರ್‌ನಿಂದ ಮನೆಯೊಡೆಯನವರೆಗೆ ಎಲ್ಲರೂ ಹಂಚಿಕೊಂಡು ಭರಿಸುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಉಪಕರಣದ ಬೆಲೆಯನ್ನು ಒಂದು ನಗಕ್ಕೆ ಎಷ್ಟು ಎಂದು ನೋಡದೆ, ಒಂದು ಕತ್ತರಿಕೆಗೆ ಎಷ್ಟು ಎಂದು ನೋಡುವ ರೂಢಿ ನಮ್ಮ ಅಂಗಡಿಗಳಿಂದಲೇ ಆರಂಭವಾಗಬೇಕು.

ಈ ವಿಷಯಕ್ಕೆ ಈಗ ಮೊದಲಿಗಿಂತ ಹೆಚ್ಚಿನ ಮಹತ್ವ ಬಂದಿದೆ. 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಕುಟುಂಬಗಳ ಪೈಕಿ ನಳದ ಸಂಪರ್ಕವಿದ್ದವು 3.23 ಕೋಟಿ ಮಾತ್ರ. 2025ರ ಫೆಬ್ರವರಿ 1ರಂದು ಕೇಂದ್ರ ಮುಂಗಡಪತ್ರ ಮಂಡನೆಯಾಗುವ ವೇಳೆಗೆ ಈ ಸಂಖ್ಯೆ 15 ಕೋಟಿ ಮುಟ್ಟಿತ್ತು. ಯೋಜನೆಯನ್ನು 2028ರವರೆಗೆ ವಿಸ್ತರಿಸುವುದಾಗಿಯೂ ಆಗಲೇ ಘೋಷಿಸಲಾಯಿತು. ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆದಿರುವುದು ಇದೇ ಕೆಲಸ. ಸಂಪರ್ಕ ನೀಡುವುದು ಗುತ್ತಿಗೆದಾರರ ಕೆಲಸವಾದರೆ, ಅವರು ಹೊರಟುಹೋದ ಮೇಲೆ ಸೋರಿಕೆಯನ್ನು ಸರಿಪಡಿಸುವವರು ಗ್ರಾಮ ಪಂಚಾಯತಿಯ ನೀರುಗಂಟಿಗಳು ಹಾಗೂ ಊರಿನ ಪ್ಲಂಬರ್‌ಗಳು. ಅವರು ಉಪಕರಣಕ್ಕಾಗಿ ಬರುವುದು ನಮ್ಮ ಅಂಗಡಿಗಳಿಗೇ.

ಇದಲ್ಲದೆ ಕೃಷಿಯ ಬೇಡಿಕೆಯೂ ಇದೆ. ಅಫಜಲಪುರ ಮತ್ತು ಆಳಂದ ತಾಲ್ಲೂಕುಗಳ ಕಬ್ಬಿನ ಹೊಲಗಳು, ಭೀಮಾ ನದಿಯ ದಂಡೆ, ಅಮರ್ಜಾ ಜಲಾಶಯದ ಕೆಳಗಿನ ಪ್ರದೇಶ, ಇಲ್ಲೆಲ್ಲ ಪಿವಿಸಿ ಪೈಪಿನ ಖರ್ಚು ಮನೆಯ ನಳದ ಪೈಪಿಗಿಂತಲೂ ಹೆಚ್ಚು. ರೈತರು ಈ ಪೈಪುಗಳನ್ನು ಕೈಗೆ ಸಿಕ್ಕ ಹಲ್ಲುದುರಿದ ಬ್ಲೇಡಿನಿಂದ, ಕೆಲವೊಮ್ಮೆ ಕುಡಗೋಲಿನಿಂದಲೂ ಕೊಯ್ಯುವುದನ್ನು ಸದಸ್ಯರು ನೋಡಿಯೇ ಇರುತ್ತಾರೆ.

ಮೂರನೆಯದಾಗಿ ನಮ್ಮ ಭೂಮಿಯ ಸ್ವಭಾವ. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರೊಳಗೆ ಹುಗಿದ ಪೈಪು ವರ್ಷಕ್ಕೊಮ್ಮೆಯಾದರೂ ಅತ್ತಿತ್ತ ಎಳೆಯಲ್ಪಡುತ್ತದೆ. ಕೆಂಪು ಮಣ್ಣಿನ ನಾಡಿನಲ್ಲಿ ಹತ್ತು ವರ್ಷ ತಾಳುವ ಅರೆಬರೆ ಜೋಡಣೆ ಇಲ್ಲಿ ಎರಡನೆಯ ಬೇಸಿಗೆಗೇ ಸೋರಬಹುದು. ಜೋಡಣೆಯ ಗಟ್ಟಿತನ ಪೈಪಿನ ತುದಿಯ ಮೇಲೆ ನಿಂತಿದೆ. ತುದಿಯ ನೇರ್ಪು ಉಪಕರಣದ ಮೇಲೆ ನಿಂತಿದೆ.

ಒಂದು ಕತ್ತರಿಕೆಯ ಬೆಲೆ

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಕಲ್ಪಿತ, ಸದಸ್ಯರು ತಮ್ಮ ಅಂಗಡಿಯ ದರಗಳನ್ನು ಹಾಕಿ ನೋಡಬಹುದು. 400 ರೂಪಾಯಿಯ ಒಂದು ಅಗ್ಗದ ವೀಲ್ ಕಟರ್ ಇದೆ ಎಂದುಕೊಳ್ಳಿ. ಅದರ ಚಕ್ರ 100 ಕತ್ತರಿಕೆಗಳಲ್ಲಿ ಮೊಂಡಾಗುತ್ತದೆ, ಬದಲಿ ಚಕ್ರ ಸಿಗುವುದಿಲ್ಲ. ಅಲ್ಲಿಗೆ ಒಂದು ಕತ್ತರಿಕೆಗೆ 4 ರೂಪಾಯಿ. ಇನ್ನೊಂದು 1,400 ರೂಪಾಯಿಯ ಉತ್ತಮ ಕಟರ್. ಅದರ ಒಂದು ಚಕ್ರ 400 ಕತ್ತರಿಕೆಗೆ ಬರುತ್ತದೆ, 200 ರೂಪಾಯಿಗೆ ಬದಲಿ ಚಕ್ರ ಸಿಗುತ್ತದೆ. ಮೂರು ಬದಲಿ ಚಕ್ರ ಸೇರಿ ಒಟ್ಟು 2,000 ರೂಪಾಯಿಗೆ 1,600 ಕತ್ತರಿಕೆ, ಅಂದರೆ ಒಂದಕ್ಕೆ 1 ರೂಪಾಯಿ 25 ಪೈಸೆ.

ಇದು ಉಪಕರಣದ ವೆಚ್ಚ ಮಾತ್ರ. ನಿಜವಾದ ವೆಚ್ಚ ಬೇರೆಡೆ ಇದೆ. ಮೊಂಡು ಚಕ್ರದಿಂದ ಮಾಡಿದ 100 ಜೋಡಣೆಗಳಲ್ಲಿ ಎರಡು ಸೋರಿದವು ಎನ್ನಿ. ಪ್ಲಂಬರ್ ಮತ್ತೆ ಆ ಹಳ್ಳಿಗೆ ಹೋಗಬೇಕು, ನೆಲ ಅಗೆಯಬೇಕು, ಒಂದು ಕಪ್ಲಿಂಗ್ ಹಾಕಬೇಕು. ಪೆಟ್ರೋಲು, ಅರ್ಧ ದಿನದ ದುಡಿಮೆ, ಸಾಮಗ್ರಿ ಸೇರಿ ಪ್ರತಿ ಸಲಕ್ಕೆ 500 ರೂಪಾಯಿ ಎಂದು ಹಿಡಿದರೂ ಎರಡಕ್ಕೆ ಸಾವಿರ. ಅದನ್ನು 100 ಜೋಡಣೆಗೆ ಹಂಚಿದರೆ ಒಂದಕ್ಕೆ 10 ರೂಪಾಯಿ. ಉಪಕರಣದ 4 ರೂಪಾಯಿಯ ಬಗ್ಗೆ ಚೌಕಾಸಿ ಮಾಡಿದವನು ಈ 10 ರೂಪಾಯಿಯನ್ನು ಎಣಿಸುವುದೇ ಇಲ್ಲ, ಏಕೆಂದರೆ ಅದಕ್ಕೆ ಬಿಲ್ಲು ಇರುವುದಿಲ್ಲ.

ಆದಾಯ ತೆರಿಗೆಯ ದೃಷ್ಟಿಯಿಂದಲೂ ಇದಕ್ಕೆ ಒಂದು ಮಗ್ಗುಲಿದೆ. ಸಣ್ಣ ಗುತ್ತಿಗೆದಾರರು ಬಹುತೇಕ ಅಂದಾಜು ಆದಾಯ ಪದ್ಧತಿಯಡಿ, ಅಂದರೆ ವಹಿವಾಟಿನ ಶೇ. 8 ಅಥವಾ ಬ್ಯಾಂಕಿನ ಮೂಲಕ ಬಂದ ಮೊತ್ತದ ಶೇ. 6ರಷ್ಟನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟುವವರು. ಇವರಿಗೆ ಉಪಕರಣದ ಖರ್ಚನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವಿಲ್ಲ. ಜಿ.ಎಸ್.ಟಿ. ನೋಂದಣಿ ಇಲ್ಲದವರಿಗೆ ಹೂಡುವಳಿ ತೆರಿಗೆಯ ಜಮೆಯೂ ದೊರೆಯುವುದಿಲ್ಲ. ಹೀಗಾಗಿ ವರ್ಷಕ್ಕೆ ನಾಲ್ಕು ಅಗ್ಗದ ಕಟರ್ ಕೊಂಡವನು ನಾಲ್ಕರ ಬೆಲೆಯನ್ನೂ, ಅದರ ಮೇಲಿನ ಶೇ. 18ರ ತೆರಿಗೆಯನ್ನೂ ಸಂಪೂರ್ಣವಾಗಿ ತನ್ನ ಜೇಬಿನಿಂದಲೇ ಭರಿಸುತ್ತಾನೆ.

ಯಾವುದನ್ನು ತರಿಸಬೇಕು

ಮೊದಲು ಹ್ಯಾಕ್ಸಾ. ಇದು ಎಲ್ಲಕ್ಕಿಂತ ಅಗ್ಗದ ಉಪಕರಣ, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಮಾರಾಟವಾಗುವ ಸರಕು ಕೂಡ. 12 ಇಂಚಿನ ಬ್ಲೇಡು ಎಂದು ಕೇಳಿದರೆ ಪೆಟ್ಟಿಗೆಯ ಮೇಲಿರುವ ಒಂದನ್ನು ತೆಗೆದುಕೊಡುವುದು ವಾಡಿಕೆ. ಆದರೆ ಬ್ಲೇಡಿನಲ್ಲಿ ಉದ್ದಕ್ಕಿಂತ ಮುಖ್ಯವಾದದ್ದು ಒಂದು ಇಂಚಿಗೆ ಎಷ್ಟು ಹಲ್ಲು ಎಂಬುದು. 18, 24 ಮತ್ತು 32 ಎಂಬ ಮೂರು ಬಗೆ ಸಾಮಾನ್ಯವಾಗಿ ದೊರೆಯುತ್ತವೆ. ಭಾರತೀಯ ಮಾನಕ 1239ರ ಪ್ರಕಾರ ಅರ್ಧ ಇಂಚಿನ ಕಬ್ಬಿಣದ ಪೈಪಿನ ಗೋಡೆಯ ದಪ್ಪ ಹಗುರ ದರ್ಜೆಯಲ್ಲಿ 2.0 ಮಿ.ಮೀ., ಮಧ್ಯಮ ದರ್ಜೆಯಲ್ಲಿ 2.6 ಮಿ.ಮೀ., ಭಾರಿ ದರ್ಜೆಯಲ್ಲಿ 3.2 ಮಿ.ಮೀ. ಹಳದಿ, ನೀಲಿ, ಕೆಂಪು ಪಟ್ಟಿಗಳಿಂದ ಈ ದರ್ಜೆಗಳನ್ನು ಗುರುತಿಸುವುದು ಸದಸ್ಯರಿಗೆ ತಿಳಿದೇ ಇದೆ. 18 ಹಲ್ಲಿನ ಬ್ಲೇಡನ್ನು ಹಳದಿ ಪಟ್ಟಿಯ ಪೈಪಿಗೆ ಹಚ್ಚಿದರೆ ಗೋಡೆಯ ದಪ್ಪದಲ್ಲಿ ಒಂದೂವರೆ ಹಲ್ಲು ಸಹ ನಿಲ್ಲುವುದಿಲ್ಲ. ಗೋಡೆಯು ಎರಡು ಹಲ್ಲುಗಳ ನಡುವಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಹಲ್ಲು ಮುರಿಯುತ್ತದೆ, ಗಿರಾಕಿ ಬ್ಲೇಡನ್ನು ಬೈಯುತ್ತಾನೆ. ಮಧ್ಯಮ ದರ್ಜೆಯ ಜಿ.ಐ. ಪೈಪಿಗೆ 24, ತೆಳುವಾದುದಕ್ಕೆ 32 ಕೊಡುವುದು ಕ್ರಮ. ಇದನ್ನು ತಿಳಿದು ಕೊಡಲು ಅಂಗಡಿಯ ಹುಡುಗನಿಗೆ ಹತ್ತು ನಿಮಿಷದ ಪಾಠ ಸಾಕು.

ಬ್ಲೇಡಿನ ಲೋಹವೂ ಗಮನಾರ್ಹ. ಪೂರ್ತಿ ಗಡಸಾದ ಹೈ-ಸ್ಪೀಡ್ ಉಕ್ಕಿನ ಬ್ಲೇಡು ಪೈಪನ್ನು ವೈಸ್‌ನಲ್ಲಿ ಬಿಗಿದಿದ್ದಾಗ ಸೊಗಸಾಗಿ ಕೊಯ್ಯುತ್ತದೆ. ಆದರೆ ಕೈ ಸ್ವಲ್ಪ ಓರೆಯಾದರೆ ಗಾಜಿನಂತೆ ಮುರಿಯುತ್ತದೆ. ತಗ್ಗಿನಲ್ಲಿ ಕುಳಿತು, ಅಲುಗಾಡುವ ಪೈಪನ್ನು ಕೊಯ್ಯುವ ನೀರುಗಂಟಿಗೆ ಬೈಮೆಟಲ್ ಬ್ಲೇಡು ಸೂಕ್ತ. ಅದರ ಹಲ್ಲು ಗಡಸು, ಬೆನ್ನು ಬಾಗುವಂಥದ್ದು. ಬೆಲೆ ಹೆಚ್ಚಾದರೂ ಮುರಿಯುವುದು ಕಡಿಮೆ. ಬ್ಲೇಡನ್ನು ಹಲ್ಲು ಮುಂದಕ್ಕೆ ಬರುವಂತೆ ಹಾಕಬೇಕು, ನಿಮಿಷಕ್ಕೆ 40ರಿಂದ 50 ಎಳೆತ ಸಾಕು, ಅರ್ಧ ಕೊಯ್ದ ಹಳೆಯ ಸೀಳಿನಲ್ಲಿ ಹೊಸ ಬ್ಲೇಡು ಇಳಿಸಬಾರದು ಎಂಬ ಮೂರು ಮಾತನ್ನು ಮಾರುವಾಗಲೇ ಹೇಳಿದರೆ ಬ್ಲೇಡಿನ ಆಯುಸ್ಸು ಹೆಚ್ಚುತ್ತದೆ. ಹಳೆಯ ಬ್ಲೇಡು ಸವೆದಿರುವುದರಿಂದ ಅದರ ಸೀಳು ಕಿರಿದಾಗಿರುತ್ತದೆ. ಹೊಸದು ಅಲ್ಲಿ ಸಿಕ್ಕಿಬಿದ್ದು ಮೊದಲ ದಿನವೇ ಹಾಳಾಗುತ್ತದೆ. ಪೈಪನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಆರಂಭಿಸಬೇಕು.

ಎರಡನೆಯದು ವೀಲ್ ಕಟರ್. ಜಿ.ಐ. ಪೈಪಿಗೆ ಥ್ರೆಡ್ ಹಾಕಬೇಕಾದಾಗ ನೇರವಾದ ತುದಿ ಬೇಕು; ಆ ನೇರ್ಪು ಗರಗಸದಿಂದ ಬರುವುದು ಪಳಗಿದ ಕೈಗೆ ಮಾತ್ರ. ಒಂದು ಚಕ್ರ ಮತ್ತು ಎರಡು ರೋಲರ್ ಇರುವ ಕಟರನ್ನು ಪೈಪಿನ ಸುತ್ತ ಪೂರ್ತಿ ತಿರುಗಿಸಲು ಜಾಗ ಬೇಕು. ಗೋಡೆಗೆ ಅಂಟಿದ ಪೈಪು, ಕಿರಿದಾದ ತಗ್ಗು, ಇಂಥ ಕಡೆ ನಾಲ್ಕು ಚಕ್ರದ ಕಟರ್ ಬೇಕಾಗುತ್ತದೆ. ಅದನ್ನು ಸ್ವಲ್ಪವೇ ಹಿಂದೆ ಮುಂದೆ ಆಡಿಸಿದರೂ ಸಾಲು ಪೂರ್ಣವಾಗುತ್ತದೆ. ಪ್ರತಿಯೊಬ್ಬ ಪ್ಲಂಬರ್ ಇದನ್ನು ಕೊಳ್ಳಬೇಕಾಗಿಲ್ಲ. ಡೈ ಸೆಟ್ಟನ್ನು ದಿನದ ಬಾಡಿಗೆಗೆ ಕೊಡುವ ಪದ್ಧತಿ ಇರುವ ಅಂಗಡಿಗಳು ಇದನ್ನೂ ಠೇವಣಿ ಪಡೆದು ಬಾಡಿಗೆಗೆ ಕೊಡಬಹುದು. ಬಾಡಿಗೆಯನ್ನು ಮಾರಾಟದಲ್ಲಿ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ತೋರಿಸುವುದನ್ನು ಮಾತ್ರ ಮರೆಯಬಾರದು.

ಕಟರ್ ಖರೀದಿಸುವಾಗ ವ್ಯಾಪಾರಿಗಳು ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಒಂದು ಪೈಪಿನ ತುಂಡಿಗೆ ಕಟರನ್ನು ಹಗುರವಾಗಿ ಬಿಗಿದು ಒಂದು ಸುತ್ತು ತಿರುಗಿಸಬೇಕು. ಚಕ್ರ ಎಳೆದ ಗೆರೆಯ ಆರಂಭ ಮತ್ತು ಅಂತ್ಯ ಒಂದೇ ಜಾಗದಲ್ಲಿ ಕೂಡಿದರೆ ಸರಿ. ಗೆರೆ ಸ್ಕ್ರೂವಿನ ಎಳೆಯಂತೆ ಪಕ್ಕಕ್ಕೆ ಸರಿದರೆ ಚಕ್ರ ಮತ್ತು ರೋಲರುಗಳು ಒಂದೇ ನೇರದಲ್ಲಿಲ್ಲ ಎಂದರ್ಥ; ಆ ಕಟರ್ ಎಷ್ಟು ಅಗ್ಗವಾಗಿದ್ದರೂ ತರಬಾರದು. ಜೊತೆಗೆ ಸ್ಕ್ರೂ ತಿರುಗಿಸಿದಾಗ ದವಡೆ ಅಕ್ಕಪಕ್ಕ ಅಲುಗಾಡುವುದೇ, ಚಕ್ರದ ಪಿನ್ ಬಿಗಿಯಾಗಿದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಬದಲಿ ಚಕ್ರ ಮತ್ತು ಪಿನ್ ತಯಾರಕರ ಬಳಿ ದೊರೆಯುವುದೇ ಎಂದು ನೋಡಬೇಕು. ಬದಲಿ ಚಕ್ರವಿಲ್ಲದ ಕಟರನ್ನು ಮಾರುವುದು ರೀಫಿಲ್ ಸಿಗದ ಪೆನ್ನನ್ನು ಮಾರಿದಂತೆ. ದೇಶದಲ್ಲಿ ಜಲಂಧರ್, ಲೂಧಿಯಾನಾ, ನಾಗೌರ್, ನಾಸಿಕ್ ಮೊದಲಾದ ಕಡೆ ಕೈ ಉಪಕರಣಗಳ ತಯಾರಿಕೆ ಬೇರೂರಿದೆ. ಸೊಲ್ಲಾಪುರ ಅಥವಾ ಕಲಬುರಗಿಯ ಸಗಟು ವ್ಯಾಪಾರಿ ಕೊಟ್ಟದ್ದನ್ನು ಹಾಗೆಯೇ ತರುವ ಬದಲು, ಬಿಡಿಭಾಗದ ಪಟ್ಟಿ ಕೊಡುವ ತಯಾರಕರ ಮಾಲನ್ನೇ ಬೇಕೆಂದು ಕೇಳುವ ಹಕ್ಕು ನಮ್ಮ ಸದಸ್ಯರಿಗಿದೆ.

ಬಳಕೆಯಲ್ಲಿ ಆಗುವ ದೊಡ್ಡ ಪ್ರಮಾದವೆಂದರೆ ಅವಸರದಿಂದ ಅತಿಯಾಗಿ ಬಿಗಿಯುವುದು. ಒಂದು ಸುತ್ತಿಗೆ ಕಾಲು ತಿರುವು ಸಾಕು. ಅತಿಯಾಗಿ ಬಿಗಿದರೆ ಚಕ್ರ ಲೋಹವನ್ನು ಕೊಯ್ಯುವ ಬದಲು ಒಳಕ್ಕೆ ಒತ್ತುತ್ತದೆ. ಪೈಪಿನ ಒಳಗೆ ಒಂದು ಅಂಚು ಏಳುತ್ತದೆ. ಕಾರ್ಮಿಕರು ಬರ್ ಎನ್ನುವುದು ಇದನ್ನೇ. ಮಧ್ಯಮ ದರ್ಜೆಯ ಅರ್ಧ ಇಂಚಿನ ಪೈಪಿನ ಒಳವ್ಯಾಸ ಸುಮಾರು 16 ಮಿ.ಮೀ. ಸುತ್ತಲೂ 1 ಮಿ.ಮೀ. ಅಂಚು ಎದ್ದರೆ ಉಳಿಯುವುದು 14 ಮಿ.ಮೀ.; ನೀರು ಹರಿಯುವ ಬಾಯಿಯ ವಿಸ್ತೀರ್ಣದಲ್ಲಿ ಸುಮಾರು ಶೇ. 23ರಷ್ಟು ಹೋಯಿತು. ಗಡಸು ನೀರಿನ ಊರುಗಳಲ್ಲಿ ಸುಣ್ಣ ಕಟ್ಟಲು ಆ ಅಂಚು ಒಳ್ಳೆಯ ಆಸರೆ. ಕತ್ತರಿಸಿದ ಮೇಲೆ ರೀಮರ್ ಅಥವಾ ದುಂಡು ಅರದಿಂದ ಇದನ್ನು ತೆಗೆಯಲೇಬೇಕು. ಕಟರ್ ಮಾರಿ ರೀಮರ್ ಮಾರದ ಅಂಗಡಿ ಅರ್ಧ ವ್ಯಾಪಾರವನ್ನಷ್ಟೇ ಮಾಡಿದಂತಾಯಿತು.

ಡೈ ವಿಷಯದಲ್ಲಿ ಒಂದು ಎಚ್ಚರಿಕೆ ಮಾತ್ರ. ನಮ್ಮಲ್ಲಿ ಬಳಕೆಯಲ್ಲಿರುವ ಪೈಪ್ ಥ್ರೆಡ್ 55 ಡಿಗ್ರಿ ಕೋನದ್ದು. ಅಮೆರಿಕದ ಮಾದರಿಯದು 60 ಡಿಗ್ರಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಎಳೆಗಳೇ ಇರುವುದರಿಂದ ಒಂದು ಇನ್ನೊಂದರಲ್ಲಿ ಕೂತಂತೆ ಕಾಣುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಹೊರದೇಶದಿಂದ ಬಂದ ಅಗ್ಗದ ಡೈ ಸೆಟ್ ತರಿಸುವವರು ಪೆಟ್ಟಿಗೆಯ ಮೇಲಿನ ಗುರುತನ್ನು ಓದಿ ತರಿಸಬೇಕು.

ಪ್ಲಾಸ್ಟಿಕ್ ಪೈಪು ಬಂದ ಮೇಲೆ ಉಪಕರಣದ ಚಿಂತೆಯೇ ತಪ್ಪಿತು ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವಾಗಿ ಪ್ಲಾಸ್ಟಿಕ್ಕಿಗೆ ಹೆಚ್ಚಿನ ನಾಜೂಕು ಬೇಕು. ಮನೆಯೊಳಗಿನ ಸಿಪಿವಿಸಿ ಮತ್ತು ಸಣ್ಣ ಪಿವಿಸಿ ಪೈಪಿಗೆ 42 ಮಿ.ಮೀ.ವರೆಗಿನ ರ‍್ಯಾಚೆಟ್ ಕಟರ್ ಸಾಕಾಗುತ್ತದೆ. ಅದರ ಅಲಗು ಹರಿತವಾಗಿರಬೇಕು. ಮೊಂಡು ಅಲಗು ಪೈಪನ್ನು ಕೊಯ್ಯದೆ ಹಿಸುಕುತ್ತದೆ. ಬಿಸಿಲಿಗೆ ಒಣಗಿ ಪೆಡಸಾದ ಹಳೆಯ ಸಿಪಿವಿಸಿ ಪೈಪಿನಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಬೀಳುತ್ತದೆ. ಅದು ಆ ದಿನ ಸೋರುವುದಿಲ್ಲ, ಆರು ತಿಂಗಳ ಮೇಲೆ ಗೋಡೆಯೊಳಗೆ ಸೋರುತ್ತದೆ. ತುದಿಯಲ್ಲಿ ಬಿರುಕು ಕಂಡರೆ ಬಿರುಕು ಮುಗಿದಲ್ಲಿಂದ ಇನ್ನೂ ಎರಡು ಇಂಚು ಹಿಂದಕ್ಕೆ ಕೊಯ್ದು ಬಿಸಾಡಬೇಕು. ಹಳೆಯ ಪೈಪಿಗೆ ರ‍್ಯಾಚೆಟ್ ಕಟರಿಗಿಂತ ಸಣ್ಣ ಹಲ್ಲಿನ ಗರಗಸವೇ ಸುರಕ್ಷಿತ.

ಹೊಲಕ್ಕೆ ಒಯ್ಯುವ 63, 75, 90 ಮಿ.ಮೀ. ಪೈಪುಗಳು ಈ ಕಟರಿನ ಬಾಯಿಗೆ ಹಿಡಿಯುವುದಿಲ್ಲ. ಅದಕ್ಕೆ ಸಣ್ಣ ಹಲ್ಲಿನ ಅಗಲ ಕೈಗರಗಸ ಬೇಕು, ಮತ್ತು ನೇರ ಗೆರೆ ಬೇಕು. ನೇರ ಅಂಚಿನ ಒಂದು ದಪ್ಪ ಕಾಗದವನ್ನು ಪೈಪಿಗೆ ಸುತ್ತಿ ಅದರ ಎರಡೂ ತುದಿಗಳ ಅಂಚು ಕೂಡುವಂತೆ ಹಿಡಿದರೆ ಸುತ್ತಲೂ ನೇರ ಗೆರೆ ಎಳೆಯಬಹುದು. ಖರ್ಚಿಲ್ಲದ ಈ ಉಪಾಯವನ್ನು ಪೈಪು ಒಯ್ಯುವ ರೈತರಿಗೆ ತೋರಿಸಿಕೊಟ್ಟರೆ ಅವರು ಮುಂದಿನ ಸಲವೂ ನಿಮ್ಮಲ್ಲಿಗೇ ಬರುತ್ತಾರೆ. ಕೊಯ್ದ ಮೇಲೆ ಹೊರ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಬೇಕು. ಇಲ್ಲವಾದರೆ ಕಪ್ಲಿಂಗಿನೊಳಗೆ ತಳ್ಳುವಾಗ ಚೂಪು ಅಂಚು ಸಲ್ಯೂಷನ್ನನ್ನು ಕೆರೆದು ಮುಂದಕ್ಕೆ ತಳ್ಳುತ್ತದೆ, ಜೋಡಣೆ ಒಣಗಿಯೇ ಉಳಿಯುತ್ತದೆ. ಕರಿಯ ಎಚ್‌ಡಿಪಿಇ ಪೈಪಿನಲ್ಲಿ ಇದೇ ಚೂಪು ಅಂಚು ಒಳಗಿನ ರಬ್ಬರ್ ರಿಂಗನ್ನು ಕೊಯ್ದುಹಾಕುತ್ತದೆ.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆರು ಮೀಟರಿನ ಪಿವಿಸಿ ಪೈಪು 30 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ ಸುಮಾರು 12 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿದ್ದಿದ್ದ ಪೈಪನ್ನು ಅಳೆದು ಕೊಯ್ದರೆ ರಾತ್ರಿ ತಗ್ಗಿನಲ್ಲಿ ಅದು ಅರ್ಧ ಇಂಚು ಗಿಡ್ಡವಾಗಿರುತ್ತದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಅಳೆದು ಕೊಯ್ಯುವುದು ಒಳಿತು.

ಕಪಾಟಿನಲ್ಲಿ ಕರಗುವ ಲಾಭ

ಉಪಕರಣ ಕೆಡುವುದು ಪ್ಲಂಬರ್‌ನ ಕೈಯಲ್ಲಿ ಮಾತ್ರ ಎಂದು ತಿಳಿಯಬಾರದು. ಎಷ್ಟೋ ಉಪಕರಣಗಳು ಅಂಗಡಿಯಲ್ಲಿಯೇ ಕೆಟ್ಟಿರುತ್ತವೆ. ತಾಲ್ಲೂಕು ಮಟ್ಟದ ಅಂಗಡಿಗಳಲ್ಲಿ ರಸಗೊಬ್ಬರ, ಸಿಮೆಂಟು, ಶೌಚಾಲಯ ತೊಳೆಯುವ ಆ್ಯಸಿಡ್ ಮತ್ತು ಹಾರ್ಡ್‌ವೇರ್ ಒಂದೇ ಸೂರಿನಡಿ ಇರುತ್ತವೆ. ಗೊಬ್ಬರ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆ್ಯಸಿಡ್‌ನ ಹೊಗೆ ಉಕ್ಕನ್ನು ತಿನ್ನುತ್ತದೆ. ಇವುಗಳ ಪಕ್ಕದ ಕಪಾಟಿನಲ್ಲಿಟ್ಟ ಬ್ಲೇಡು ಎರಡು ಮಳೆಗಾಲ ಕಳೆದರೆ ಹೊದಿಕೆಯೊಳಗೇ ತುಕ್ಕು ಹಿಡಿದಿರುತ್ತದೆ. ಕತ್ತರಿಸುವ ಉಪಕರಣಗಳಿಗೆ ಬೇರೆ ಗೋಡೆ, ನೆಲದಿಂದ ಎತ್ತರದ ಕಪಾಟು, ಎಣ್ಣೆ ಕಾಗದದ ಸುತ್ತು ಬೇಕು. ಮೊದಲು ಬಂದದ್ದು ಮೊದಲು ಹೊರಹೋಗಬೇಕು.

ಲೆಕ್ಕಪತ್ರದ ಮಾತನ್ನು ಇಲ್ಲಿ ಹೇಳದಿರಲಾಗದು. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಖರೀದಿ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ತುಕ್ಕು ಹಿಡಿದ ಬ್ಲೇಡುಗಳನ್ನೂ ಚಕ್ರ ಕಳೆದುಕೊಂಡ ಕಟರುಗಳನ್ನೂ ‘ಟೂಲ್ಸ್, ಇತರೆ’ ಎಂಬ ಸಾಲಿನಲ್ಲಿ ಪೂರ್ಣ ಬೆಲೆಗೆ ತೋರಿಸುತ್ತ ಹೋದರೆ, ಬಾರದ ಲಾಭವನ್ನು ಬಂದಿದೆ ಎಂದು ಬರೆದು ಅದರ ಮೇಲೆ ತೆರಿಗೆ ಕಟ್ಟಿದಂತಾಗುತ್ತದೆ. ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯೂ ಸುಳ್ಳಾಗುತ್ತದೆ.

ಸರಕು ಶೀರ್ಷಿಕೆಯ ಗೊಂದಲವೂ ಆ ಸಾಲಿನಿಂದಲೇ ಹುಟ್ಟುತ್ತದೆ. ಕೈಗರಗಸ ಮತ್ತು ಎಲ್ಲ ಬಗೆಯ ಗರಗಸದ ಬ್ಲೇಡು 8202, ಪೈಪ್ ಕಟರ್ ಮತ್ತು ಅರ 8203, ಪಾನಾಗಳು 8204, ವೈಸ್ 8205. ಇವಕ್ಕೆಲ್ಲ ಶೇ. 18 ತೆರಿಗೆ. ಆದರೆ ಸಲಿಕೆ, ಕುಡಗೋಲು, ಕೊಡಲಿಗಳು 8201ರಡಿ ಬಂದು ತೆರಿಗೆಮುಕ್ತವಾಗಿವೆ. ರೈತ ಗಿರಾಕಿಗೆ ಒಂದೇ ಬಿಲ್ಲಿನಲ್ಲಿ ಎರಡನ್ನೂ ಕೊಟ್ಟಾಗ ಗರಗಸವನ್ನು ಕೃಷಿ ಉಪಕರಣವೆಂದು ಸೇರಿಸಿಬಿಡುವುದು ಉಂಟು. ವ್ಯತ್ಯಾಸದ ತೆರಿಗೆ ಮುಂದೆ ಬಡ್ಡಿಯೊಂದಿಗೆ ವ್ಯಾಪಾರಿಯ ತಲೆಗೇ ಬರುತ್ತದೆ.

ಮಾರಿದ ಮೇಲಿನ ಪಾಲನೆಯ ಬಗ್ಗೆ ಗಿರಾಕಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ದಿನದ ಕೆಲಸ ಮುಗಿದ ಮೇಲೆ ಬ್ರಷ್‌ನಿಂದ ಪುಡಿ ಉದುರಿಸಿ, ಚಕ್ರದ ಪಿನ್, ರೋಲರ್ ಹಾಗೂ ಸ್ಕ್ರೂವಿಗೆ ಒಂದು ಹನಿ ಎಣ್ಣೆ ಬಿಡಬೇಕು. ಹ್ಯಾಕ್ಸಾದ ಬಿಗಿತವನ್ನು ಸಡಿಲಿಸಬೇಕು. ಪ್ಲಾಸ್ಟಿಕ್ ಕೊಯ್ಯುವ ಅಲಗಿಗೆ ಮಾತ್ರ ಕೆಲಸಕ್ಕೆ ಮುನ್ನ ಎಣ್ಣೆಯ ಪಸೆ ಉಳಿಯದಂತೆ ಒರೆಸಬೇಕು, ಏಕೆಂದರೆ ಎಣ್ಣೆ ತಗಲಿದ ತುದಿಗೆ ಸಲ್ಯೂಷನ್ ಹಿಡಿಯುವುದಿಲ್ಲ. ಇನ್ನೊಂದು ಕೆಟ್ಟ ರೂಢಿಯನ್ನು ನಿಲ್ಲಿಸಲೇಬೇಕು: ಥ್ರೆಡ್ ಹಾಕುವಾಗ ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಆಯಿಲ್ ಸುರಿಯುವುದು. ಆ ಪೈಪಿನಲ್ಲಿ ಹರಿಯುವುದು ಕುಡಿಯುವ ನೀರು. ಸ್ವಚ್ಛವಾದ ಕಟಿಂಗ್ ಆಯಿಲ್‌ನ ಸಣ್ಣ ಡಬ್ಬಿಗಳನ್ನು ಕೌಂಟರಿನ ಮೇಲಿಡುವುದು ವ್ಯಾಪಾರವೂ ಹೌದು, ಕರ್ತವ್ಯವೂ ಹೌದು.

ಉದ್ರಿಯ ಸುಳಿ

ಇಷ್ಟೆಲ್ಲ ತಿಳಿದಿದ್ದರೂ ಅಗ್ಗದ ಮಾಲೇ ಏಕೆ ಓಡುತ್ತದೆ? ಗಿರಾಕಿಯ ಬಳಿ ಒಂದೇ ಸಲ 1,400 ರೂಪಾಯಿ ಇರುವುದಿಲ್ಲ ಎಂಬುದು ಸರಳ ಉತ್ತರ. ಗುತ್ತಿಗೆದಾರರ ಬಿಲ್ಲು ತಡವಾದರೆ ಪ್ಲಂಬರ್‌ನ ಕೂಲಿ ತಡ, ಕೂಲಿ ತಡವಾದರೆ ಅಂಗಡಿಯ ಉದ್ರಿ ಬೆಳೆಯುತ್ತದೆ. ಉದ್ರಿ ಕೊಡುವ ವ್ಯಾಪಾರಿ ಮುಳುಗಿದರೆ ಕಡಿಮೆ ಮುಳುಗಲಿ ಎಂದು ಅಗ್ಗದ ಕಟರನ್ನೇ ಕೊಡುತ್ತಾನೆ. ಪಂಚಾಯತಿಗಳು ಕೊಟೇಶನ್ ಕೇಳುವಾಗಲೂ ‘ಪೈಪ್ ಕಟರ್ 1 ನಗ’ ಎಂದಷ್ಟೇ ಬರೆದಿರುತ್ತದೆ. ಕನಿಷ್ಠ ದರಕ್ಕೆ ಅತ್ಯಂತ ಕಳಪೆಯದೇ ಗೆಲ್ಲುತ್ತದೆ. ಇಲ್ಲಿ ಪಂಚಾಯತಿಗಳನ್ನು ದೂರುವುದಕ್ಕಿಂತ, ಕೊಟೇಶನ್ ಕೊಡುವಾಗ ‘ಎರಡು ಬದಲಿ ಚಕ್ರ ಸಹಿತ’ ಎಂಬ ಎರಡನೆಯ ದರವನ್ನೂ ಬರೆದುಕೊಡುವುದು ಫಲಕಾರಿ. ಹೋಲಿಸಲು ಇನ್ನೊಂದು ದರ ಎದುರಿಗಿದ್ದರೆ ಅಭಿವೃದ್ಧಿ ಅಧಿಕಾರಿಗಳಿಗೂ ಆಯ್ಕೆಗೆ ಆಧಾರ ಸಿಗುತ್ತದೆ.

ಸಾಲದ ವಿಷಯದಲ್ಲಿ ಪ್ಲಂಬರ್‌ಗಳಿಗೆ ಆಗಿರುವ ಅನ್ಯಾಯವನ್ನೂ ನಮ್ಮ ಸಂಸ್ಥೆ ಗಮನಿಸಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕಾಗಿ 15,000 ರೂಪಾಯಿಯ ವೋಚರ್, ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷದವರೆಗೆ ಸಾಲ ಇದೆ. ಅದರ ಪಟ್ಟಿಯಲ್ಲಿ ಪ್ರಕಟವಾದದ್ದು 18 ವೃತ್ತಿಗಳು. ಬಡಗಿ, ಕಮ್ಮಾರ, ಗಾರೆಯವ, ಬೀಗ ಮಾಡುವವ, ಸುತ್ತಿಗೆ ಮತ್ತು ಉಪಕರಣ ಮಾಡುವವ ಎಲ್ಲರೂ ಇದ್ದಾರೆ, ಪ್ಲಂಬರ್ ಇಲ್ಲ. ಪಾರಂಪರಿಕ ವೃತ್ತಿಯಲ್ಲ ಎಂಬುದು ಅದರ ಹಿಂದಿನ ತರ್ಕವಾಗಿರಬಹುದು. ಆದರೆ ಮನೆ ಮನೆಗೆ ನಳ ಕೊಡುವ ಯೋಜನೆ ಒಂದು ಕಡೆ, ಆ ನಳವನ್ನು ಕಾಯುವವನಿಗೆ ಉಪಕರಣವಿಲ್ಲದ ಸ್ಥಿತಿ ಇನ್ನೊಂದು ಕಡೆ ಇರುವುದು ಯಾವ ನ್ಯಾಯ? ನಮ್ಮ ಸಂಸ್ಥೆಯು ಈ ವೃತ್ತಿಯನ್ನು ಸೇರಿಸುವಂತೆ ಮನವಿ ಸಲ್ಲಿಸಬೇಕೆಂಬುದು ನನ್ನ ಸಲಹೆ. ಅಲ್ಲಿಯವರೆಗೆ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗಿನ ಸಾಲ ಪ್ಲಂಬರ್‌ಗಳಿಗೂ ತೆರೆದಿದೆ. ಪ್ಲಂಬಿಂಗ್ ಕಟ್ಟಡ ಕೆಲಸದ ಭಾಗವಾದ್ದರಿಂದ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೂ ಅವಕಾಶವಿದೆ. ಮಂಡಳಿಯು ನೋಂದಾಯಿತರಿಗೆ ಉಪಕರಣಗಳ ಕಿಟ್ಟುಗಳನ್ನು ವಿತರಿಸಿದ್ದುಂಟು. ಗಿರಾಕಿಗೆ ಒಂದು ಅರ್ಜಿ ತುಂಬಿಕೊಟ್ಟ ವ್ಯಾಪಾರಿಯ ಉದ್ರಿ ಬೇಗ ವಸೂಲಾಗುತ್ತದೆ ಎಂಬುದು ನಾನು ಕಂಡ ಸಂಗತಿ.

ಸಣ್ಣ ಉತ್ಪಾದಕ ಸದಸ್ಯರಿಗೆ ಒಂದು ಮಾತು. ಕಟರಿನ ಚಕ್ರ ತಯಾರಿಸಲು ಮಿಶ್ರಲೋಹದ ಉಕ್ಕು ಮತ್ತು ಅದನ್ನು ಕಾಯಿಸಿ ಹದಗೊಳಿಸುವ ನಿಖರ ವ್ಯವಸ್ಥೆ ಬೇಕು. ಅದಕ್ಕೆ ಕೈಹಾಕುವುದು ಜಾಣತನವಲ್ಲ. ಆದರೆ ಪೈಪನ್ನು ಹಿಡಿದಿಡುವ ಮೂರು ಕಾಲಿನ ಸ್ಟ್ಯಾಂಡು, ಚೈನ್ ವೈಸ್, ದೊಡ್ಡ ಪಿವಿಸಿ ಪೈಪನ್ನು ನೇರವಾಗಿ ಕೊಯ್ಯಲು ಸೀಳುಳ್ಳ ಪೆಟ್ಟಿಗೆ, ಬೈಕಿಗೆ ಕಟ್ಟಬಹುದಾದ ತಗಡಿನ ಉಪಕರಣ ಪೆಟ್ಟಿಗೆ, ಇವು ಗ್ರಿಲ್ ಮತ್ತು ಟ್ರಾಲಿ ಮಾಡುವ ಯಾವ ವೆಲ್ಡಿಂಗ್ ಶಾಪಿನಲ್ಲಿಯೂ ಆಗುವ ಕೆಲಸ. ಚಪ್ಪಟೆ ದವಡೆಯ ವೈಸ್‌ನಲ್ಲಿ ಬಿಗಿದ ಪ್ಲಾಸ್ಟಿಕ್ ಪೈಪು ಮೊಟ್ಟೆಯಾಕಾರವಾಗುತ್ತದೆ, ಯಾವ ಕಟರ್ ಬಳಸಿದರೂ ತುದಿ ನೇರವಾಗುವುದಿಲ್ಲ. ಆದ್ದರಿಂದ ಸರಿಯಾದ ಹಿಡಿತದ ಸಾಧನಕ್ಕೆ ಬೇಡಿಕೆ ಇದೆ. ಕಪನೂರು ಮತ್ತು ನಂದೂರು ಕೈಗಾರಿಕಾ ಪ್ರದೇಶಗಳ ಸದಸ್ಯರು ಮೂರು ತಾಲ್ಲೂಕುಗಳ ಹಾರ್ಡ್‌ವೇರ್ ವ್ಯಾಪಾರಿಗಳೊಡನೆ ಒಮ್ಮೆ ಕುಳಿತು ಅಳತೆಗಳನ್ನು ನಿರ್ಧರಿಸಿಕೊಂಡರೆ ಸಾಕು.

ವ್ಯಾಪಾರಿ ಸದಸ್ಯರು ಮುಂದಿನ ಏಪ್ರಿಲ್ 1ರಂದು ಹೊಸ ಪುಸ್ತಕ ತೆರೆಯುವಾಗ ‘ಟೂಲ್ಸ್, ಇತರೆ’ ಎಂಬ ಸಾಲನ್ನು ಒಡೆದು ಬ್ಲೇಡುಗಳನ್ನು ಹಲ್ಲಿನ ಸಂಖ್ಯೆಯ ಪ್ರಕಾರ, ಕಟರುಗಳನ್ನು ಅಳತೆಯ ಪ್ರಕಾರ, ಬದಲಿ ಚಕ್ರ ಮತ್ತು ಅಲಗುಗಳನ್ನು ಬೇರೆಯಾಗಿ, ಬಾಡಿಗೆಯ ಉಪಕರಣಗಳನ್ನು ದಾಸ್ತಾನಿನಿಂದ ಹೊರತೆಗೆದು ಸ್ಥಿರಾಸ್ತಿಯ ಪಟ್ಟಿಯಲ್ಲಿ ಬರೆಯಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರಿಗೆ ಇದು ಅರ್ಧ ದಿನದ ಕೆಲಸ. ಮಾರ್ಚ್ 31ರ ಎಣಿಕೆಯಲ್ಲಿ ತುಕ್ಕು ಹಿಡಿದದ್ದನ್ನು ಬೇರೆ ರಾಶಿ ಹಾಕಿಸಿ, ಅದರ ಬೆಲೆಯನ್ನು ಆಗಲೇ ಇಳಿಸಿ, ಪಟ್ಟಿಯ ಮೇಲೆ ಮಾಲೀಕರು ಸಹಿ ಹಾಕಿಟ್ಟಿರಬೇಕು.